ಮೂರು ಚಕ್ರ, ಒಂದು ತ್ರಿಕೋನ: ಗಾಡಿ ಎತ್ತೋ ಮುಂಚೆ ಗೊತ್ತಿರಬೇಕಾದ ಇತಿಹಾಸ

ಇದು ನಮ್ಮ ಈ ವಾರದ ಮಾತಿನ ಬರಹರೂಪ. ವಿಡಿಯೋ ನೋಡೋಕೆ ಟೈಮ್ ಇಲ್ಲದವರು ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಕೂತು ಓದ್ಕೊಳ್ಳಿ.

ಹೈದರಾಬಾದಿನ ವೀಕ್ಷಕರೊಬ್ಬರು ಕೇಳಿದ್ರು: "ಅಮೆರಿಕದಲ್ಲಿರೋ ನನ್ನ ತಮ್ಮ ಮೂರು ಚಕ್ರದ ಮೋಟಾರ್‌ಸೈಕಲ್ ತಗೊಂಡಿದಾನೆ. ಮನೆಯಲ್ಲೇ ಅದರ ಸಸ್ಪೆನ್ಷನ್ ಬದಲಾಯಿಸ್ತೀನಿ ಅಂತಾನೆ. ಕಾರಿಗೆ ಜಾಕ್ ಕೊಟ್ಟ ಹಾಗೇ ಇದಕ್ಕೂ ಕೊಟ್ರೆ ಆಗಲ್ವಾ?"

ಆಗಲ್ಲ. ಯಾಕೆ ಆಗಲ್ಲ ಅಂತ ತಿಳಿಯೋಕೆ ಮೂರು ಚಕ್ರದ ಗಾಡಿಯ ಇನ್ನೂರೈವತ್ತು ವರ್ಷದ ಕಥೆ ಒಂದ್ಸಲ ನೋಡಬೇಕು. ಈ ಇಡೀ ಕಥೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತೆ: ಭಾರ ಎಲ್ಲಿ ಕೂರಬೇಕು?

ಒಲೆಯ ಮೂರು ಕಲ್ಲು

ಹಳ್ಳಿಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡೋದನ್ನ ನೀವು ನೋಡಿರ್ತೀರಿ. ನೆಲ ಎಷ್ಟೇ ಏರುಪೇರು ಇದ್ರೂ ಮೂರು ಕಲ್ಲಿನ ಮೇಲೆ ಪಾತ್ರೆ ಅಲ್ಲಾಡಲ್ಲ. ನಾಲ್ಕು ಕಾಲಿನ ಮೇಜಾದ್ರೆ ಒಂದು ಕಾಲಿನ ಕೆಳಗೆ ಪೇಪರ್ ಮಡಿಸಿ ಇಡಬೇಕಾಗುತ್ತೆ. ಹಾಗಾಗಿ ಮೂರು ಅಂದ್ರೆ ಸ್ಥಿರ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ.

ಆದ್ರೆ ಅದೇ ಒಲೆ ಮೇಲೆ ಪಾತ್ರೆಯನ್ನ ಎರಡು ಕಲ್ಲಿನ ನಡುವಿನ ಅಂಚಿಗೆ ಸರಿಸಿ ನೋಡಿ, ಸಾರೆಲ್ಲ ಬೂದಿಪಾಲು. ಮೂರು ಬಿಂದು ಸೇರಿದ್ರೆ ತ್ರಿಕೋನ. ವಸ್ತುವಿನ ಭಾರ ಕೆಳಗಿಳಿಯೋ ಗೆರೆ ಆ ತ್ರಿಕೋನದ ಒಳಗಿರೋವರೆಗೂ ಏನೂ ಆಗಲ್ಲ. ಅಂಚು ದಾಟಿತೋ, ಉರುಳಿತು. ನಾಲ್ಕು ಚಕ್ರದ ಕಾರಿನ ಕೆಳಗೆ ಆಯತ ಇರುತ್ತೆ, ಯಾವ ಮೂಲೆ ಕಡೆಗಾದ್ರೂ ಸ್ವಲ್ಪ ಜಾಗ ಇರುತ್ತೆ. ತ್ರಿಕೋನದಲ್ಲಿ ಒಂಟಿ ಚಕ್ರದ ಕಡೆ ಹೋದಷ್ಟೂ ಜಾಗ ಕಿರಿದಾಗ್ತಾ ಬರುತ್ತೆ. ಮೂರು ಚಕ್ರದ ಗಾಡಿಯ ಒಳ್ಳೇದು ಕೆಟ್ಟದ್ದು ಎರಡೂ ಇಲ್ಲೇ ಇರೋದು.

ಶುರುವೇ ಮೂರು ಚಕ್ರದಿಂದ

ಸ್ವಂತ ಶಕ್ತಿಯಿಂದ ರಸ್ತೆ ಮೇಲೆ ಓಡಿದ ಮೊದಲ ಗಾಡಿಗಳಲ್ಲಿ ಒಂದು ಫ್ರಾನ್ಸಿನ ನಿಕೋಲಾ ಜೋಸೆಫ್ ಕುನ್ಯೋ ಕಟ್ಟಿದ ಉಗಿಬಂಡಿ. 1769ರಲ್ಲಿ ಪ್ರಯೋಗ ಶುರುವಾಯ್ತು. ಸೈನ್ಯದ ಫಿರಂಗಿ ಎಳೆಯೋದು ಅದರ ಕೆಲಸ. ಹಿಂದೆ ಎರಡು ಚಕ್ರ, ಮುಂದೆ ಒಂದು. ಆ ಒಂಟಿ ಚಕ್ರಕ್ಕಿಂತಲೂ ಮುಂದಕ್ಕೆ ದೊಡ್ಡ ಬಾಯ್ಲರ್ ನೇತಾಡ್ತಿತ್ತು. ತ್ರಿಕೋನದ ಕಿರಿದಾದ ತುದಿಯಲ್ಲೇ ಅತಿ ಹೆಚ್ಚು ಭಾರ! ಪ್ಯಾರಿಸ್‌ನ ಆರ್ಟ್ಸ್ ಎ ಮೆಟಿಯೇ ಮ್ಯೂಸಿಯಂನಲ್ಲಿ ಅದು ಈಗಲೂ ಇದೆ. ಫೋಟೋ ನೋಡಿದ್ರೇ ಸಾಕು, ಇದನ್ನ ತಿರುಗಿಸೋನ ಪಾಡು ಏನಿತ್ತು ಅಂತ ಗೊತ್ತಾಗುತ್ತೆ.

1886ರ ಜನವರಿಯಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಮೋಟಾರು ಗಾಡಿಗೂ ಮೂರೇ ಚಕ್ರ. ನಾಲ್ಕು ಚಕ್ರದ ಗಾಡಿಯನ್ನ ಸರಿಯಾಗಿ ತಿರುಗಿಸೋ ವಿಧಾನ ಅವರಿಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. ಮುಂದೆ ಒಂದೇ ಚಕ್ರ ಇದ್ರೆ ಆ ತಲೆನೋವೇ ಇಲ್ಲ. ಎಂಜಿನ್ ಮಾತ್ರ ಹಿಂದೆ, ಎರಡು ಚಕ್ರದ ಕಡೆ ಇಟ್ರು. ಕುನ್ಯೋ ಬಂಡಿಗೆ ಹೋಲಿಸಿದ್ರೆ ಭಾರ ತ್ರಿಕೋನದ ಅಗಲವಾದ ಭಾಗಕ್ಕೆ ಬಂತು. ಸ್ಟೀರಿಂಗ್ ಸಮಸ್ಯೆಗೆ ಉತ್ತರ ಸಿಕ್ಕಿದ ಮೇಲೆ, 1893ರಲ್ಲಿ, ಬೆಂಜ್ ನಾಲ್ಕು ಚಕ್ರಕ್ಕೆ ಹೋದ್ರು.

ತ್ರಿಕೋನವನ್ನೇ ತಿರುಗಿಸಿ ಇಟ್ಟವರು ಇಂಗ್ಲೆಂಡಿನ ಎಚ್.ಎಫ್.ಎಸ್. ಮಾರ್ಗನ್. 1909ರಲ್ಲಿ ಅವರು ಕಟ್ಟಿದ ಗಾಡಿಗೆ ಮುಂದೆ ಎರಡು ಚಕ್ರ, ಹಿಂದೆ ಒಂದು. ಮುಂದಿನ ಒಂದೊಂದು ಚಕ್ರಕ್ಕೂ ತನ್ನದೇ ಸ್ಪ್ರಿಂಗ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ನುಗ್ಗುತ್ತೆ, ಅಲ್ಲಿ ಎರಡು ಚಕ್ರ ಕಾದಿರುತ್ತವೆ. ತೆರಿಗೆಯೂ ಕಡಿಮೆ. 1950ರ ದಶಕದ ಶುರುವಿನವರೆಗೂ ಈ ಬಗೆಯ ಮಾರ್ಗನ್ ಗಾಡಿಗಳು ತಯಾರಾದವು. ಅವೂ ಅಪಾಯ ಮುಕ್ತ ಏನಲ್ಲ. 1924ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್‌ನಲ್ಲಿ ಒಂದು ಮಾರ್ಗನ್ ಅಪಘಾತಕ್ಕೀಡಾದ ಮೇಲೆ, ಅಲ್ಲಿ ಮೂರು ಚಕ್ರದವು ಕಾರುಗಳ ಜೊತೆ ಸ್ಪರ್ಧಿಸಬಾರದು ಅಂತ ನಿಷೇಧ ಬಂತು.

ನಮ್ಮ ಆಟೋ, ಆಕುರ್ಡಿಯ ದಾರಿಯಲ್ಲಿ

ಪುಣೆಯಲ್ಲಿರೋರು ಮುಂಬೈ ರಸ್ತೆಯಲ್ಲಿ ಆಕುರ್ಡಿ ದಾಟುವಾಗ ಬಜಾಜ್ ಕಾರ್ಖಾನೆ ನೋಡೇ ಇರ್ತೀರಿ. ಆಟೋ ಕಥೆ ಅಲ್ಲಿಗೆ ಬರೋದು ಇಟಲಿಯಿಂದ. ಎರಡನೇ ಮಹಾಯುದ್ಧದ ನಂತರ ಪಿಯಾಜಿಯೋ ಕಂಪನಿಗೆ ವೆಸ್ಪಾ ಸ್ಕೂಟರ್ ರೂಪಿಸಿದವರು ಕೊರಾಡಿನೋ ದಾಸ್ಕಾನಿಯೋ, ಮೂಲತಃ ವಿಮಾನದ ಎಂಜಿನಿಯರ್. 1946ರಲ್ಲಿ ವೆಸ್ಪಾ ಬಂತು. 1948ರಲ್ಲಿ ಅದೇ ಸ್ಕೂಟರಿನ ಹಿಂದೆ ಎರಡು ಚಕ್ರ ಸೇರಿಸಿ 'ಆಪೆ' ಅಂತ ಸಾಮಾನು ಸಾಗಿಸೋ ಗಾಡಿ ಮಾಡಿದ್ರು. ಇಟಾಲಿಯನ್ನಿನಲ್ಲಿ ಆಪೆ ಅಂದ್ರೆ ಜೇನುಹುಳ.

ಇತ್ತ ಬಜಾಜ್‌ನವರು 1948ರಿಂದ ಎರಡು, ಮೂರು ಚಕ್ರದ ಗಾಡಿಗಳನ್ನ ಹೊರದೇಶದಿಂದ ತರಿಸಿ ಮಾರ್ತಿದ್ರು. 1959ರಲ್ಲಿ ಇಲ್ಲೇ ತಯಾರಿಸೋಕೆ ಸರ್ಕಾರದ ಲೈಸೆನ್ಸ್ ಸಿಕ್ತು. 1970ರ ದಶಕದಲ್ಲಿ ಹಿಂಬದಿ ಎಂಜಿನ್ನಿನ ಆಟೋ ಬಂತು. ಭಾರ ಹಿಂದಕ್ಕೆ, ಎರಡು ಚಕ್ರದ ಹತ್ತಿರಕ್ಕೆ ಹೋಯ್ತು. ಬೆಂಜ್ ಇಟ್ಟ ಜಾಗಕ್ಕೇ!

ಈಗ ಎತ್ತೋ ವಿಷಯಕ್ಕೆ ಬರೋಣ. ವಿಮಾನದ ಗಾಲಿಯ ಹಾಗೆ ವೆಸ್ಪಾದ ಮುಂದಿನ ಚಕ್ರವನ್ನ ಒಂದೇ ಪಕ್ಕದಿಂದ ಹಿಡಿದಿಡಲಾಗಿತ್ತು. ನಮ್ಮ ಆಟೋಗೂ ಅದೇ ಬಂತು. ಚಕ್ರವನ್ನ ಕಾರಿನ ಚಕ್ರದಂತೆ ಪಕ್ಕಕ್ಕೆ ಎಳೆದು ತೆಗೀಬಹುದು. ಮೂರೂ ಚಕ್ರ ಒಂದೇ ಸೈಜು, ಹಾಗಾಗಿ ಒಂದು ಸ್ಟೆಪ್ನಿ ಸಾಕು. ಪಂಕ್ಚರ್ ಆದ್ರೆ ಡ್ರೈವರ್ ಅಣ್ಣ, ಜೊತೆಗೆ ಇನ್ನೊಬ್ಬರು, ಆಟೋವನ್ನ ಕೈಯಲ್ಲೇ ಪಕ್ಕಕ್ಕೆ ವಾಲಿಸ್ತಾರೆ. ಜಾಕೂ ಇಲ್ಲ, ಏನೂ ಇಲ್ಲ. 300 ಕೆಜಿಗೂ ಹೆಚ್ಚು ತೂಕದ ಗಾಡಿ ಇಷ್ಟು ಸುಲಭವಾಗಿ ವಾಲುತ್ತಲ್ಲ, ಅದು ತೋಳಿನ ಬಲವೊಂದೇ ಅಲ್ಲ. ತ್ರಿಕೋನದ ಓರೆ ಅಂಚು ಭಾರಕ್ಕೆ ಅಷ್ಟು ಹತ್ತಿರ ಇದೆ ಅಂತ ಅರ್ಥ. ರಿಪೇರಿಗೆ ವರ ಆದದ್ದೇ ತಿರುವಿನಲ್ಲಿ ಸ್ಪೀಡಾಗಿ ಹೋಗೋನಿಗೆ ಶಾಪ.

ಈ ಶಾಪ ದೊಡ್ಡದಾಗಿ ಕಂಡಿದ್ದು ಅಮೆರಿಕದಲ್ಲಿ. 1970ರಲ್ಲಿ ಹೋಂಡಾ ದಪ್ಪ ಬಲೂನ್ ಟೈರಿನ, ಮೂರು ಚಕ್ರದ ಮಣ್ಣುದಾರಿ ಗಾಡಿ ತಂತು. ಮೊದಮೊದಲಿನವಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ, ಟೈರಿನ ಗಾಳಿಯೇ ಸ್ಪ್ರಿಂಗ್. ಬೇರೆ ಕಂಪನಿಗಳೂ ಬಂದ್ವು. ಮಕ್ಕಳೂ ಓಡಿಸಿದ್ರು. ಗಾಡಿ ಮಗುಚಿ ಸತ್ತವರು, ಗಾಯಗೊಂಡವರು ಹೆಚ್ಚಾದಾಗ ವಿಷಯ ಕೋರ್ಟಿಗೆ ಹೋಯ್ತು. 1988ರಲ್ಲಿ ಸರ್ಕಾರದ ಜೊತೆ ಆದ ಒಪ್ಪಂದದಂತೆ, ದೊಡ್ಡ ತಯಾರಕರು ಅಂಥ ಹೊಸ ಗಾಡಿ ಮಾರೋದನ್ನ ಅಲ್ಲಿ ನಿಲ್ಲಿಸಿದ್ರು.

ಹಿಮದಿಂದ ಬಂದ ಮೋಟಾರ್‌ಸೈಕಲ್

ಇವತ್ತು ಜನ ಮನೆಯಲ್ಲಿ ಎತ್ತೋಕೆ ಹೊರಡೋದು ಹೆಚ್ಚಾಗಿ ಕ್ಯಾನ್-ಆಮ್ ಸ್ಪೈಡರ್ ಥರದ ಗಾಡಿಯನ್ನ. ಅದರ ಊರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್. ಅಲ್ಲಿನ ಮೆಕ್ಯಾನಿಕ್ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ ಅವರ ಎರಡು ವರ್ಷದ ಮಗು 1934ರ ಚಳಿಗಾಲದಲ್ಲಿ ತೀರಿಕೊಂಡಿತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯೋಕೆ ಆಗಲಿಲ್ಲ. ಹಿಮದ ಮೇಲೆ ಓಡೋ ಗಾಡಿಗಾಗಿಯೇ ಅವರು ಮುಂದಿನ ಬದುಕು ಸವೆಸಿದರು. 1959ರಲ್ಲಿ ಸ್ಕೀ-ಡೂ ಬಂತು: ಮುಂದೆ ಎರಡು ಸ್ಕೀ, ಹಿಂದೆ ಒಂದು ಅಗಲ ಪಟ್ಟಿ.

2007ರಲ್ಲಿ ಬಂದ ಸ್ಪೈಡರ್ ನೋಡಿದ್ರೆ ಆ ಹಿಮಗಾಡಿಗೇ ಚಕ್ರ ಹಾಕಿದ ಹಾಗಿದೆ. ಮುಂದೆ ಎರಡು ಚಕ್ರ, ಎರಡಕ್ಕೂ ಕಾರಿನಂತೆ ಜೋಡಿ ತೋಳಿನ ಸಸ್ಪೆನ್ಷನ್, ಹಿಂದೆ ಒಂದು ಅಗಲ ಚಕ್ರ. ಮೊದಲ ಮಾಡೆಲ್ಲಿನ ಒಣ ತೂಕವೇ ಸುಮಾರು 317 ಕೆಜಿ. ಪ್ರವಾಸದ ಮಾಡೆಲ್‌ಗಳು ಇನ್ನೂ ಭಾರ. ತಿರುವಿನಲ್ಲಿ ಒಳಚಕ್ರ ಮೇಲೇಳೋ ಸೂಚನೆ ಬಂದ್ರೆ ಬ್ರೇಕನ್ನೂ ಎಂಜಿನ್ ಶಕ್ತಿಯನ್ನೂ ತಾನೇ ಹತೋಟಿಗೆ ತಗೊಳ್ಳೋ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರಲ್ಲಿದೆ. ಕುನ್ಯೋಗೆ ಸಿಗದ ಸಹಾಯ ಇದು. ಆದ್ರೆ ಗಾಡಿ ನಿಂತಿರುವಾಗ, ನಿಮ್ಮ ಜಾಕ್ ಮೇಲಿರುವಾಗ, ಯಾವ ಕಂಪ್ಯೂಟರೂ ಕಾಯೋಕೆ ಬರಲ್ಲ.

ಜಾಕ್ ಎತ್ತುತ್ತೆ, ಹೊರಲ್ಲ

ಹೈಡ್ರಾಲಿಕ್ ಜಾಕಿನ ಕಥೆಯೂ ಹಳೇದೇ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ್ರು. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಅದನ್ನ ಹೊತ್ತೊಯ್ಯಬಹುದಾದ ಜಾಕ್ ಮಾಡಿದ್ರು. ಸಣ್ಣ ಪಿಸ್ಟನ್ ಒತ್ತಿದ್ರೆ ದೊಡ್ಡ ಪಿಸ್ಟನ್ ಭಾರ ಎತ್ತುತ್ತೆ. ಆದ್ರೆ ಎತ್ತಿ ಹಿಡಿದಿರೋದು ಎಣ್ಣೆ, ಆ ಎಣ್ಣೆಯನ್ನ ತಡೆದಿರೋದು ಒಂದು ಸೀಲು. ಸೀಲು ಸವೆದ್ರೆ ಜಾಕ್ ಇಳಿಯುತ್ತೆ. ಅದಕ್ಕೇ ಎತ್ತೋಕೆ ಜಾಕ್, ಹೊರೋಕೆ ಕಬ್ಬಿಣದ ಸ್ಟ್ಯಾಂಡ್. ಸ್ಟ್ಯಾಂಡನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ: ಹಲ್ಲು ಸರಿಯಾಗಿ ಕಚ್ಚದೆ ಜಾರಿಬೀಳುವ ದೋಷಕ್ಕಾಗಿ 2020ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜಾಕ್ ಸ್ಟ್ಯಾಂಡ್‌ಗಳನ್ನ ವಾಪಸ್ ಕರೆಸಿಕೊಳ್ಳಲಾಯ್ತು.

ಈಗ ತ್ರಿಕೋನ ಇಟ್ಕೊಂಡು ಸ್ಪೈಡರ್ ಹತ್ತಿರ ಬನ್ನಿ. ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕಾಗಿರೋದು ಮುಂದೆ. ಮುಂಭಾಗದ ಮಧ್ಯಕ್ಕೆ ಒಂದೇ ಜಾಕ್ ಕೊಟ್ಟು ಎತ್ತಿದ್ರಿ ಅನ್ನಿ. ಮುಂದಿನ ಎರಡೂ ಚಕ್ರ ನೆಲ ಬಿಟ್ವು. ಉಳಿದದ್ದು ಏನು? ಹಿಂದಿನ ಒಂದು ಚಕ್ರ, ಮುಂದಿನ ಒಂದು ಜಾಕ್. ಎರಡೇ ಬಿಂದು. ತ್ರಿಕೋನ ಹೋಗಿ ಗೆರೆ ಆಯ್ತು! ಗಟ್ಟಿ ನಟ್ಟು ಬಿಚ್ಚೋಕೆ ಸ್ಪ್ಯಾನರ್‌ಗೆ ಜೋರು ಕೊಟ್ರೆ ಸಾಕು, ಗಾಡಿ ಪಕ್ಕಕ್ಕೆ. ಆಟೋದಲ್ಲಿ ಇದು ಉಲ್ಟಾ. ಅದರ ಮೂತಿಗೆ ಒಂದೇ ಜಾಕ್ ಕೊಟ್ರೂ ಹಿಂದಿನ ಎರಡು ಚಕ್ರ ನೆಲದಲ್ಲೇ ಇರೋದ್ರಿಂದ ತ್ರಿಕೋನ ಉಳಿಯುತ್ತೆ. ಆಟೋ ನೋಡಿ ಕಲಿತ ಕಣ್ಣಿಗೆ ಸ್ಪೈಡರ್ ಮೋಸ ಮಾಡೋದು ಇಲ್ಲೇ.

ಹಾಗಾಗಿ ಕ್ರಮ ಹೀಗೆ. ನೆಲ ಸಮವಾದ ಕಾಂಕ್ರೀಟ್ ಇರಲಿ. ನೀರು ಹರಿಯೋಕೆ ಇಳಿಜಾರು ಮಾಡಿರೋ ಪಾರ್ಕಿಂಗ್ ಜಾಗ ಬೇಡ. ಪಾರ್ಕಿಂಗ್ ಬ್ರೇಕ್ ಹಾಕಿ, ಲಾರಿಯವರು ಕಲ್ಲು ಕೊಡೋ ಹಾಗೆ ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಬಿಗಿ ನಟ್ಟುಗಳನ್ನ ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲ ಮಾಡಿ. ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಜಾಗಕ್ಕೇ ಜಾಕ್ ಕೊಡಿ. ಎಂಜಿನ್ನಿನ ತಳಕ್ಕೋ ಪ್ಲಾಸ್ಟಿಕ್ಕಿಗೋ ಬೇಡ. ನಿಧಾನಕ್ಕೆ ಎತ್ತಿ. ಗಾಡಿ ಗೆರೆ ಮೇಲೆ ನಿಂತಿರೋ ಆ ನಿಮಿಷವೇ ಅತಿ ಅಪಾಯದ್ದು. ಇನ್ನೊಬ್ಬರು ಪಕ್ಕದಲ್ಲಿ ಹ್ಯಾಂಡಲ್ ಹಿಡಿದಿರಲಿ, ಯಾರ ಕೈಯೂ ಕಾಲೂ ಕೆಳಗಿರೋದು ಬೇಡ. ತಕ್ಷಣ ಫ್ರೇಮಿನ ಎಡಕ್ಕೊಂದು, ಬಲಕ್ಕೊಂದು ಸ್ಟ್ಯಾಂಡ್ ಇಡಿ, ಎಷ್ಟು ದೂರ ದೂರ ಇಡೋಕೆ ಆಗುತ್ತೋ ಅಷ್ಟು ಒಳ್ಳೇದು. ಮೆಲ್ಲಗೆ ಅವುಗಳ ಮೇಲೆ ಇಳಿಸಿ. ಎರಡು ಸ್ಟ್ಯಾಂಡು, ಒಂದು ಹಿಂಚಕ್ರ: ತ್ರಿಕೋನ ವಾಪಸ್ ಬಂತು. ಹಲ್ಲು ಪೂರ್ತಿ ಕಚ್ಚಿದೆಯಾ ನೋಡಿ, ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲಷ್ಟೇ ಕೆಲಸ.

ಸ್ಟ್ಯಾಂಡಿನ ಬದಲು ಸಿಮೆಂಟ್ ಬ್ಲಾಕ್, ಇಟ್ಟಿಗೆ ಇಡೋ ಅಭ್ಯಾಸ ನಮ್ಮಲ್ಲಿದೆ. ಅದು ಬೇಡವೇ ಬೇಡ. ಕಬ್ಬಿಣ ಬಗ್ಗೋ ಮುಂಚೆ ಸೂಚನೆ ಕೊಡುತ್ತೆ, ಟೊಳ್ಳು ಬ್ಲಾಕ್ ಸೂಚನೆ ಕೊಡದೆ ಒಡೆಯುತ್ತೆ.

ಮುಂದಿನ ಎರಡೂ ಚಕ್ರ ಒಂದೇ ಎತ್ತರದಲ್ಲಿ ನೇತಾಡ್ತಿರಲಿ. ಎರಡು ಕಡೆಯನ್ನೂ ಜೋಡಿಸೋ ಆಂಟಿ-ರೋಲ್ ಬಾರ್ ಆಗ ತಿರುಚಿಕೊಂಡಿರಲ್ಲ, ಬೋಲ್ಟ್ ತೆಗೆದಾಗ ಸಿಡಿಯಲ್ಲ. ಶಾಕ್ ಬಿಚ್ಚೋ ಮುಂಚೆ ತೋಳಿಗೆ ಕೆಳಗಿಂದ ಆಸರೆ ಕೊಡಿ. ಇಲ್ಲದಿದ್ರೆ ಅದು ಕುಸಿದು ಬ್ರೇಕ್ ಪೈಪನ್ನ ಎಳೆಯುತ್ತೆ. ಕೆಲಸ ಮುಗಿದ ಮೇಲೆ ಗಾಡಿಯ ಎತ್ತರ ಬದಲಾಗಿದ್ರೆ ವೀಲ್ ಅಲೈನ್‌ಮೆಂಟ್ ಚೆಕ್ ಮಾಡಿಸಿ.

ಹಿಂಭಾಗ ಎತ್ತಬೇಕಾದ್ರೆ ಲೆಕ್ಕ ಬೇರೆ. ಮುಂದಿನ ಎರಡು ಚಕ್ರ, ಹಿಂದೆ ಒಂದು ಆಸರೆ, ತ್ರಿಕೋನ ಇದ್ದೇ ಇದೆ. ಆದ್ರೆ ಪಾರ್ಕಿಂಗ್ ಬ್ರೇಕ್ ಇರೋದು ಹಿಂಚಕ್ರಕ್ಕೆ. ಅದು ಗಾಳಿಯಲ್ಲಿದ್ರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಮುಂದಿನ ಎರಡಕ್ಕೂ ಅಡ್ಡ ಕೊಡದೆ ಎತ್ತಬಾರದು.

ಕುನ್ಯೋ, ಬೆಂಜ್, ಮಾರ್ಗನ್, ದಾಸ್ಕಾನಿಯೋ ಎಲ್ಲರೂ ತಲೆ ಕೆಡಿಸ್ಕೊಂಡಿದ್ದು ಆ ತ್ರಿಕೋನದ ಬಗ್ಗೆ. ಗ್ಯಾರೇಜಿನಲ್ಲಿ ಜಾಕ್ ಒತ್ತೋವಾಗ ಅದೇ ತ್ರಿಕೋನವನ್ನ ನೀವು ಅಳಿಸಿ ಬೇರೆ ಬರೀತಿರ್ತೀರಿ. ಮೂರನೇ ಬಿಂದು ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಆಗೋವರೆಗೂ ಗಾಡಿ ಕೆಳಗೆ ಕೈ ಹಾಕಬೇಡಿ.