ಬಾಗಲಾ ಹಾಕಿದ್ವಿ, ಕೀಲೀಕೈ ಹೊರಗನ ಇತ್ತು

ನಮ್ಮವ್ವ ಹಾಸಿಗಿ ಹಿಡದಾಗಿಂದ ಆಕಿ ಖೋಲ್ಯಾಗ ಒಂದು ಕ್ಯಾಮೆರಾ ಇಟ್ಟೇವಿ. ಭಕ್ಕರಿ ಬಡಕೋತನ ಮೊಬೈಲ್‌ನ್ಯಾಗ ಆಕಿನ್ನ ನೋಡತಿರತೇನಿ. ಹೋದ ವಾರ ಊರಿಗೆ ಬಂದ ಮಗಾ, "ಅಮ್ಮಾ, ರೌಟರ್ ಪಾಸ್‌ವರ್ಡ್ ಬದಲ್ಸೀರೇನು?" ಅಂತ ಕೇಳಿದಾ. ಡಬ್ಬಿ ಹಿಂದಿನ ಚೀಟಿ ತೋರಿಸಿದೆ. ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕ್ಯಾಮೆರಾದ್ದೂ ಹಂಗ. ನನ್ನ ಎದಿ ಧಸಕ್ ಅಂತು. ಅವ್ವಗ ಸೀರಿ ಉಡಸೂದೂ ಅದರ ಮುಂದನ ಅಲ್ಲಾ! ಆಮ್ಯಾಲೆ ಕೂತು ಇದರ ಇತಿಹಾಸ ಓದಿದೆ.

ಮೊದಲ ಇಂಟರ್‌ನೆಟ್‌ಗೆ ಬಾಗಲಾನ ಇದ್ದಿಲ್ಲಾ ಅನ್ನಬೇಕು. ಯುನಿವರ್ಸಿಟಿ, ಸಂಶೋಧನಾ ಕೇಂದ್ರದ ಮಂದಿ, ವಠಾರದವ್ರಂಗ ಒಬ್ಬರನ್ನೊಬ್ಬರು ನಂಬಿದ್ರು. 1988ರ ನವೆಂಬರ್ 2ಕ್ಕ ಅಮೆರಿಕಾದ ರಾಬರ್ಟ್ ಮಾರಿಸ್ ಅನ್ನೋ ವಿದ್ಯಾರ್ಥಿ ಬಿಟ್ಟ 'ವರ್ಮ್' ಸುಮಾರು 6000 ಕಂಪ್ಯೂಟರ್ ಹೊಕ್ಕಿತು ಅಂತ ಅಂದಾಜು. ಎಲ್ಲಾರೂ ಎಚ್ಚತ್ತರು. ಮರುವರ್ಷ ಡಿಇಸಿ ಕಂಪನಿಯ ಜೆಫ್ರಿ ಮೊಗುಲ್, ಬರೋ ಒಂದೊಂದು ಪ್ಯಾಕೆಟ್ ತಡದು ನೋಡಿ ಬಿಡೋ ಪದ್ಧತಿ ಬರದು ತೋರಿಸಿದ್ರು. ಬೆಂಕಿ ಬಾಜೂ ಮನಿಗೆ ಹಬ್ಬಬಾರದಂತ ಕಟ್ಟೋ ಗ್ವಾಡಿಯ ಹೆಸರ, ಫೈರ್‌ವಾಲ್, ಇಂಥಾ ಕಾವಲಿಗೂ ಬಂತು.

ಮನಿ ರೌಟರ್ ಕಥಿ ಬ್ಯಾರೇನ ಅದ. ಇಂಟರ್‌ನೆಟ್ ವಿಳಾಸ ಇದ್ದದ್ದು ಸುಮಾರು 430 ಕೋಟಿ. ಸಾಲಂಗಿಲ್ಲಾ ಅಂತ 1994ರಾಗ 'ನ್ಯಾಟ್' ಅನ್ನೋ ಉಪಾಯ ಪ್ರಕಟ ಆತು. ಮನ್ಯಾಗಿನ ಮೊಬೈಲು, ಟೀವಿ ಎಲ್ಲಾಕ್ಕೂ ಸೇರಿ ಹೊರಗ ಒಂದ ವಿಳಾಸ. ಒಳಗಿನವ್ರು ಕೇಳಿದ್ದರ ಉತ್ತರ ಒಳಗ ಬರತದ. ಕರೀದ ಬಂದದ್ದು ಯಾರಿಗಂತ ತಿಳೀದ ಹೊರಗ ಉಳೀತದ. ವಿಳಾಸ ಉಳಸಲಿಕ್ಕೆ ಮಾಡಿದ್ದು ಅರ್ಧಾ ಕಾವಲನೂ ಮಾಡತು.

ಆದ್ರ ಕ್ಯಾಮೆರಾ ಹೊರಗಿಂದ ನೋಡಬೇಕಂತ ನಾವ ಆ ಗ್ವಾಡ್ಯಾಗ ಕಿಂಡಿ ತಗೀತೇವಿ. 2016ರಾಗ 'ಮಿರಾಯ್' ಅನ್ನೋ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್ ಹುಡುಕಿ ಲಕ್ಷಗಟ್ಟಲೆ ವಶಾ ಮಾಡಕೊಂಡಿತು. ಆ ಅಕ್ಟೋಬರ್ 21ಕ್ಕ ಟ್ವಿಟರ್, ನೆಟ್‌ಫ್ಲಿಕ್ಸ್‌ಸುದ್ದಾ ಎಷ್ಟೋ ಮಂದಿಗೆ ಸಿಗಲಿಲ್ಲಾ. ಮುರದು ಒಳಗ ಬಂದದ್ದಲ್ರೀ, ಬಾಗಲಿಗೆ ತೂಗಹಾಕಿದ್ದ ಕೀಲೀಕೈಲೆ ತಗದು ಬಂದದ್ದು.

ಅವತ್ತ ರಾತ್ರಿ ಎರಡೂ ಪಾಸ್‌ವರ್ಡ್ ಬದಲ್ಸಿ, ಅಪ್‌ಡೇಟ್ ಮಾಡಿ, ಫೈರ್‌ವಾಲ್ ಆನ್ ಅದ ಅಂತ ನೋಡಿ, ಹೊರಗಿಂದ ರೌಟರ್ ನಡಸೋ 'ರಿಮೋಟ್ ಮ್ಯಾನೇಜ್‌ಮೆಂಟ್' ಬಂದ್ ಮಾಡಿದ್ವಿ. ನೀವೂ ನಿಮ್ಮ ಡಬ್ಬಿ ಹಿಂದಿನ ಚೀಟಿ ಒಮ್ಮೆ ನೋಡ್ರೆವಾ.

"ಇಷ್ಟೊತ್ತನ್ಯಾಗ ಏನ ಮಾಡ್ತೀ?" ಅಂದ್ಲು ಅವ್ವ.

"ಬಾಗಲಾ ಹಾಕ್ಲಿಕ್ಕತ್ತೇನಿ, ನೀ ಮಲ್ಕೋ" ಅಂದೆ.