ಮಾನಸಿಕ ಆರೋಗ್ಯ ಸೇವೆಯಲ್ಲಿ ಸ್ವಯಂ-ವರದಿ ಪ್ರಶ್ನಾವಳಿ

ಸ್ವಯಂ-ವರದಿ ಪ್ರಶ್ನಾವಳಿ ಎಂದರೆ ರೋಗಿಯು ತನ್ನ ಮನಃಸ್ಥಿತಿಯನ್ನು ಕುರಿತು ತಾನೇ ಉತ್ತರಿಸಿ ತುಂಬುವ ನಮೂನೆ. ಖಿನ್ನತೆ, ಆತಂಕ ಮೊದಲಾದ ತೊಂದರೆಗಳ ತೀವ್ರತೆಯನ್ನು ಅಂಕಗಳಲ್ಲಿ ಅಳೆಯಲು ಇದನ್ನು ಬಳಸಲಾಗುತ್ತದೆ. ಖಿನ್ನತೆಯನ್ನು ರಕ್ತಪರೀಕ್ಷೆಯಿಂದ ಅಳೆಯಲಾಗದು. ರೋಗಿಯ ಮಾತೇ ಅದಕ್ಕೆ ಮುಖ್ಯ ಆಧಾರ. ಪ್ರಶ್ನಾವಳಿಯು ಆ ಮಾತನ್ನು ಅಂಕಿಯಾಗಿ ಪರಿವರ್ತಿಸುತ್ತದೆ. ಈ ಅಂಕಿಯನ್ನು ಚಿಕಿತ್ಸಕರೊಡನೆ ಆಡಳಿತವೂ ಬಳಸುವುದರಿಂದ, ನಮೂನೆಯನ್ನು ತುಂಬುವ ರೋಗಿಗಳ ಅನುಭವಕ್ಕೆ ವಿಶೇಷ ಮಹತ್ವವಿದೆ.

ಸ್ವರೂಪ

ಹೆಚ್ಚು ಪ್ರಚಲಿತವಾದ ನಮೂನೆ ಪಿಎಚ್‌ಕ್ಯೂ-೯. ಅಮೆರಿಕದ ರಾಬರ್ಟ್ ಸ್ಪಿಟ್ಜರ್, ಕರ್ಟ್ ಕ್ರೋಂಕೆ ಮತ್ತು ಜಾನೆಟ್ ವಿಲಿಯಮ್ಸ್ ಇದನ್ನು ರೂಪಿಸಿದರು. ಇದರ ಮೌಲ್ಯಮಾಪನ ೨೦೦೧ರಲ್ಲಿ ಪ್ರಕಟವಾಯಿತು. ಹಿಂದಿನ ಎರಡು ವಾರಗಳಲ್ಲಿ ನಿರುತ್ಸಾಹ, ನಿದ್ರೆ, ಹಸಿವು, ಆಯಾಸ, ಏಕಾಗ್ರತೆ ಮೊದಲಾದ ಒಂಬತ್ತು ಸಂಗತಿಗಳು ಎಷ್ಟು ದಿನ ಬಾಧಿಸಿದವು ಎಂದು ಇದು ಕೇಳುತ್ತದೆ. ಪ್ರತಿ ಉತ್ತರಕ್ಕೆ ೦ಯಿಂದ ೩, ಒಟ್ಟು ೦ಯಿಂದ ೨೭ ಅಂಕಗಳು. ೫, ೧೦, ೧೫ ಮತ್ತು ೨೦ ಅಂಕಗಳು ಕ್ರಮವಾಗಿ ಅಲ್ಪ, ಮಧ್ಯಮ, ತುಸು ತೀವ್ರ ಮತ್ತು ತೀವ್ರ ಹಂತಗಳ ಆರಂಭವನ್ನು ಸೂಚಿಸುತ್ತವೆ. ಆತಂಕವನ್ನು ಅಳೆಯಲು ಏಳು ಪ್ರಶ್ನೆಗಳ ಜಿಎಡಿ-೭ ಬಳಕೆಯಲ್ಲಿದೆ.

ಇಂಗ್ಲೆಂಡಿನಲ್ಲಿ ಬಳಕೆ

೨೦೦೮ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು (ಎನ್‌ಎಚ್‌ಎಸ್) ಖಿನ್ನತೆ ಮತ್ತು ಆತಂಕಕ್ಕೆ ಉಚಿತ ಮಾತಿನ ಚಿಕಿತ್ಸೆ ನೀಡುವ ಯೋಜನೆಯನ್ನು ಆರಂಭಿಸಿತು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಇದರ ಪ್ರಮುಖ ಪ್ರತಿಪಾದಕರು. ಇಲ್ಲಿ ಪ್ರತಿ ಭೇಟಿಯಲ್ಲಿಯೂ ರೋಗಿಯು ಪ್ರಶ್ನಾವಳಿಗಳನ್ನು ತುಂಬಬೇಕು. ಪಿಎಚ್‌ಕ್ಯೂ-೯ರಲ್ಲಿ ೧೦ ಅಥವಾ ಅದಕ್ಕಿಂತ ಹೆಚ್ಚು ಅಂಕಗಳಿದ್ದರೆ ಖಿನ್ನತೆಯ ಹೊಸ್ತಿಲನ್ನು ದಾಟಿದಂತೆ. ಜಿಎಡಿ-೭ರಲ್ಲಿ ಆ ಹೊಸ್ತಿಲು ೮. ಚಿಕಿತ್ಸೆಯ ಕೊನೆಗೆ ಎರಡರಲ್ಲಿಯೂ ಅಂಕಗಳು ಹೊಸ್ತಿಲಿಗಿಂತ ಕೆಳಗಿಳಿದರೆ 'ಚೇತರಿಕೆ' ಎಂದು ಪರಿಗಣಿಸಲಾಗುತ್ತದೆ. ೨೫ರಿಂದ ೧೨ಕ್ಕೆ ಇಳಿದ ರೋಗಿಯು ಬಹಳ ಸುಧಾರಿಸಿದ್ದರೂ ಈ ಲೆಕ್ಕದಲ್ಲಿ ಚೇತರಿಸಿಕೊಂಡವರಲ್ಲಿ ಸೇರುವುದಿಲ್ಲ. ಇಂತಹ ಕೊರತೆಯನ್ನು ತುಂಬಲು ಅಂಕಗಳಲ್ಲಾದ ಗಣನೀಯ ಇಳಿಕೆಯನ್ನು ಪ್ರತ್ಯೇಕವಾಗಿಯೂ ದಾಖಲಿಸುತ್ತಾರೆ.

ರೋಗಿಗಳ ಅನುಭವ

ಬ್ರಿಟನ್ನಿನ ಕುಟುಂಬ ವೈದ್ಯರು ಮತ್ತು ರೋಗಿಗಳ ಸಂದರ್ಶನಗಳನ್ನು ಆಧರಿಸಿದ ಅಧ್ಯಯನವೊಂದು ೨೦೦೯ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ವೈದ್ಯರು ಪ್ರಶ್ನಾವಳಿಗಿಂತ ತಮ್ಮ ಅನುಭವಜನ್ಯ ವಿವೇಚನೆಯನ್ನೇ ಹೆಚ್ಚು ನಂಬಿದ್ದರು. ರೋಗಿಗಳಾದರೋ ಸಾಮಾನ್ಯವಾಗಿ ಪ್ರಶ್ನಾವಳಿಯನ್ನು ಮೆಚ್ಚಿದ್ದರು. ತಮ್ಮ ಕಷ್ಟವನ್ನು ವೈದ್ಯರು ಗಂಭೀರವಾಗಿ ಪರಿಗಣಿಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯೆಂದು ಅವರು ಭಾವಿಸಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನು ಕಾಗದದ ಮೇಲೆ ಗುರುತಿಸುವುದು ಕೆಲವರಿಗೆ ಸುಲಭ.

ತೊಡಕುಗಳೂ ಇವೆ. ನಿದ್ರೆ ಬಾರದಿರುವುದು ಮತ್ತು ಅತಿಯಾಗಿ ನಿದ್ರಿಸುವುದು ಒಂದೇ ಪ್ರಶ್ನೆಯಲ್ಲಿ ಅಡಕವಾಗಿವೆ. ಹಸಿವಿನ ಪ್ರಶ್ನೆಯೂ ಹಾಗೆಯೇ. ಥೈರಾಯ್ಡ್ ತೊಂದರೆಯಿರುವವರಿಗೆ ಅಥವಾ ಹಸುಗೂಸಿನ ತಾಯಿಗೆ ಆಯಾಸದ ಕಾರಣ ಬೇರೆಯಿರಬಹುದು. ಬಡತನ, ಸಾವು, ಕೆಲಸ ಕಳೆದುಕೊಂಡ ನೋವು ಮೊದಲಾದ ಹಿನ್ನೆಲೆಗೆ ನಮೂನೆಯಲ್ಲಿ ಸ್ಥಳವಿಲ್ಲ. ಚಿಕಿತ್ಸೆ ನಿಂತೀತೆಂಬ ಭಯದಿಂದ ಅಂಕವನ್ನು ಹೆಚ್ಚಿಸಿಕೊಳ್ಳುವ, ಚಿಕಿತ್ಸಕರನ್ನು ನಿರಾಶೆಗೊಳಿಸಬಾರದೆಂದು ತಗ್ಗಿಸುವ ಸಾಧ್ಯತೆಗಳೂ ಉಂಟು.

ಒಂಬತ್ತನೆಯ ಪ್ರಶ್ನೆಯು ಸಾಯುವ ಅಥವಾ ತನ್ನನ್ನು ತಾನೇ ನೋಯಿಸಿಕೊಳ್ಳುವ ಆಲೋಚನೆಗಳಿಗೆ ಸಂಬಂಧಿಸಿದ್ದು. ಇದಕ್ಕೆ 'ಇಲ್ಲ' ಎಂಬುದರ ಹೊರತು ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ರೋಗಿಯೊಡನೆ ನೇರವಾಗಿ ಮಾತನಾಡುವುದು ಅಗತ್ಯ. ಉತ್ತರಿಸಿದ ಮೇಲೂ ಯಾರೂ ವಿಚಾರಿಸದಿದ್ದರೆ ರೋಗಿಯ ವಿಶ್ವಾಸ ಕುಂದುತ್ತದೆ ಮತ್ತು ಆತನ ಜೀವಕ್ಕಿರುವ ಅಪಾಯವು ಗಮನಕ್ಕೆ ಬಾರದೆ ಉಳಿಯಬಹುದು.

ಭಾರತದಲ್ಲಿ

ಪಿಎಚ್‌ಕ್ಯೂ-೯ ಕನ್ನಡಕ್ಕೂ ಅನುವಾದಗೊಂಡಿದೆ. ಅಸಾಂಕ್ರಾಮಿಕ ರೋಗಗಳ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಇದರ ಮೊದಲ ಎರಡು ಪ್ರಶ್ನೆಗಳಿವೆ. ಓದಲು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳಬೇಕಾಗುತ್ತದೆ. ಮನೆಯವರ ಎದುರು ಕೇಳಿದರೆ ಮುಕ್ತವಾದ ಉತ್ತರ ಸಿಗುವುದು ಕಷ್ಟ. ಕನ್ನಡದಲ್ಲಿ 'ಬೇಜಾರು' ಎಂಬ ಪದಕ್ಕೆ ದುಃಖ, ಬೇಸರ, ಅಸಮಾಧಾನ ಎಂಬ ಅರ್ಥಗಳೆಲ್ಲ ಇವೆ. ಮನಸ್ಸಿನ ನೋವನ್ನು 'ತಲೆ ಭಾರ', 'ಕೈಕಾಲು ಸೋತಿವೆ' ಎಂದು ದೇಹದ ಭಾಷೆಯಲ್ಲಿ ಹೇಳುವವರೂ ಅನೇಕರು.

ಮಿತಿ

ಪ್ರಶ್ನಾವಳಿಯಿಂದ ಸಿಗುವುದು ಸೂಚನೆಯೇ ಹೊರತು ರೋಗನಿರ್ಣಯವಲ್ಲ. ಅಂತಿಮ ನಿರ್ಣಯಕ್ಕೆ ತಜ್ಞರ ಸಂದರ್ಶನ ಬೇಕು. ಭಾರತದಲ್ಲಿ ನೆರವು ಬಯಸುವವರು ಸರ್ಕಾರದ ಉಚಿತ ದೂರವಾಣಿ ಸೇವೆಯಾದ ಟೆಲಿ-ಮಾನಸ್‌ಗೆ (೧೪೪೧೬) ಕರೆ ಮಾಡಬಹುದು.