ಕಸುಬು ಹೋಗಿ ಹೆಸರು ಉಳಿದ ಬಗೆ

1512ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಹುಡುಗರಿಗಾಗಿ ‘ದೆ ಕೋಪಿಯ’ ಎಂಬ ಪಠ್ಯವನ್ನು ಪ್ರಕಟಿಸಿದ. ಗೆಳೆಯನ ಪತ್ರ ಓದಿ ಬಹಳ ಸಂತೋಷವಾಯಿತು ಎಂಬಷ್ಟೇ ಅರ್ಥದ ಒಂದು ಸಾಧಾರಣ ಲ್ಯಾಟಿನ್ ವಾಕ್ಯವನ್ನು ಹಿಡಿದು, ಅದನ್ನೇ ನೂರಕ್ಕೂ ಮೀರಿದ ಬಗೆಗಳಲ್ಲಿ ಹೇಳಿ ತೋರಿಸುವ ಅಧ್ಯಾಯವೊಂದು ಅದರಲ್ಲಿದೆ. ಒಮ್ಮೆ ಕ್ರಿಯಾಪದ ಬದಲಾಗುತ್ತದೆ, ಒಮ್ಮೆ ಕರ್ತರಿ ಹೋಗಿ ಕರ್ಮಣಿ ಬರುತ್ತದೆ, ಇನ್ನೊಮ್ಮೆ ಉಪಮೆ, ಮತ್ತೊಮ್ಮೆ ಅತಿಶಯೋಕ್ತಿ. ಇಲ್ಲಿ ವ್ಯಾಕರಣ ಯಾವುದು, ಪದಸಂಪತ್ತು ಯಾವುದು, ಅಲಂಕಾರ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಹುಡುಗ ಒಂದೇ ವಾಕ್ಯದ ಮೇಲೆ ಕೈಯಾಡಿಸುತ್ತ ಮೂರನ್ನೂ ಒಟ್ಟಿಗೆ ಕಲಿಯುತ್ತಿದ್ದ. ಇಂದು ಅಮೆರಿಕದ ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ಅಭ್ಯಾಸಪುಸ್ತಕ, ಬೇರೆ ಬೇರೆ ಕಿರುಪರೀಕ್ಷೆ. ಅನಾಫರ, ಸಿನೆಕ್ಡಕಿ ಮುಂತಾದ ಅಲಂಕಾರಗಳ ಗ್ರೀಕ್ ಹೆಸರುಗಳು ಮಾತ್ರ ಎರಾಸ್ಮಸನ ಕಾಲದಿಂದ ಹಾಗೆಯೇ ಬಂದಿವೆ. ಮಾತು ಕಟ್ಟುವ ಕಸುಬಾಗಿದ್ದ ವಿದ್ಯೆ ಮಾತಿನ ಭಾಗಗಳನ್ನು ಗುರುತಿಸುವ ವಿದ್ಯೆಯಾಯಿತು. ಮಕ್ಕಳ ಸೋಮಾರಿತನವಾಗಲಿ ಕಾಲದ ಮಹಿಮೆಯಾಗಲಿ ಇದಕ್ಕೆ ಕಾರಣವಲ್ಲ. ಇದಕ್ಕೆ ತೋರಿಸಬಹುದಾದ ಹೆಜ್ಜೆಗಳಿವೆ.

ಹಳೆಯ ಕಸುಬು ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ರಾಣಿ ಎಲಿಜಬೆತ್‌ಳ ಗುರು ರಾಜರ್ ಆಸ್ಕಮ್‌ನ ‘ದಿ ಸ್ಕೋಲ್‌ಮಾಸ್ಟರ್’ ಒಳ್ಳೆಯ ಸಾಕ್ಷಿ. ಆತ ತೀರಿಕೊಂಡ ಮೇಲೆ, 1570ರಲ್ಲಿ, ಅದು ಅಚ್ಚಾಯಿತು. ಶಿಷ್ಯ ರೋಮನ್ ವಾಗ್ಮಿ ಸಿಸಿರೋನ ಪತ್ರವೊಂದನ್ನು ಇಂಗ್ಲಿಷಿಗೆ ತರಬೇಕು. ಸ್ವಲ್ಪ ಹೊತ್ತು ಬಿಟ್ಟು, ಮೂಲವನ್ನು ನೋಡದೆ, ತನ್ನ ಇಂಗ್ಲಿಷಿನಿಂದ ಮತ್ತೆ ಲ್ಯಾಟಿನ್ನಿಗೆ ಹಾಕಬೇಕು. ಆಮೇಲೆ ಗುರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಸಿಸಿರೋ ಆ ಪದವನ್ನೇ ಏಕೆ ಆರಿಸಿದ, ಅದನ್ನು ಅಲ್ಲೇ ಏಕೆ ಇಟ್ಟ ಎಂಬ ಪ್ರಶ್ನೆ ಹುಡುಗನಿಗೆ ತನ್ನ ಸೋಲಿನಿಂದಲೇ ಹುಟ್ಟುತ್ತಿತ್ತು. ನಿಯಮ ಆ ಪ್ರಶ್ನೆಗೆ ಉತ್ತರವಾಗಿ ಬರುತ್ತಿತ್ತು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗದೆ ಪೂರ್ವಕವಿಗಳ ಪ್ರಯೋಗಗಳನ್ನು ಕೊಡುತ್ತಾನಲ್ಲ, ಅದರ ಹಿಂದಿರುವುದೂ ಇಂಥದೇ ತಿಳಿವಳಿಕೆ: ಲಕ್ಷ್ಯವಿಲ್ಲದೆ ಲಕ್ಷಣಕ್ಕೆ ನೆಲೆಯಿಲ್ಲ.

ಮೊದಲ ಬಿರುಕು ಪ್ಯಾರಿಸ್ಸಿನಿಂದ ಬಂತು. ಪ್ರಾಚೀನರ ರೆಟರಿಕ್‌ಗೆ, ಅಂದರೆ ಮಾತಿನಿಂದ ಒಪ್ಪಿಸುವ ವಿದ್ಯೆಗೆ, ಐದು ಅಂಗ: ಹೇಳಬೇಕಾದ್ದನ್ನು ಹುಡುಕುವುದು, ಅದನ್ನು ಜೋಡಿಸುವುದು, ಶೈಲಿ, ನೆನಪು, ಹೇಳುವ ರೀತಿ. ಹದಿನಾರನೆಯ ಶತಮಾನದ ನಡುವಿನಲ್ಲಿ ಪೀಟರ್ ರೇಮಸ್ ಮೊದಲೆರಡನ್ನು ಕಿತ್ತು ತರ್ಕಶಾಸ್ತ್ರಕ್ಕೆ ಕೊಟ್ಟ. ಆಲೋಚನೆ ಆಚೆ ಹೋದ ಮೇಲೆ ರೆಟರಿಕ್ ಎಂದರೆ ಹೆಚ್ಚುಕಡಿಮೆ ಅಲಂಕಾರ ಎಂದಾಯಿತು. ಕನ್ನಡದಲ್ಲಿ ಅದನ್ನು ಬರಿಯ ‘ಅಲಂಕಾರಶಾಸ್ತ್ರ’ ಎಂದು ಕರೆದರೆ ನಮಗೆ ತಪ್ಪೆನಿಸದಿರುವುದಕ್ಕೂ ಈ ಕತ್ತರಿಯೇ ಭಾಗಶಃ ಕಾರಣ. ಎರಡನೆಯ ಬಿರುಕು ವ್ಯಾಕರಣದ್ದು. ಅಮೆರಿಕದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಲಿಂಡ್ಲಿ ಮರ್ರೆ ಯಾರ್ಕ್ ನಗರದ ಕ್ವೇಕರ್ ಹೆಣ್ಣುಮಕ್ಕಳ ಶಾಲೆಗೆಂದು 1795ರಲ್ಲಿ ಬರೆದ ಇಂಗ್ಲಿಷ್ ವ್ಯಾಕರಣ ಎರಡೂ ದೇಶಗಳ ಶಾಲೆಗಳನ್ನು ಆಳಿತು. ಅದರ ಜೊತೆಗೆ ಬಂದ ಅಭ್ಯಾಸಪುಸ್ತಕದ ಮುಖ್ಯ ಕೆಲಸ ತಪ್ಪು ವಾಕ್ಯಗಳನ್ನು ಮುಂದಿಟ್ಟು ತಿದ್ದಿಸುವುದು. ನಮ್ಮ ಶಾಲೆಗಳ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬರುವ ‘ತಪ್ಪನ್ನು ಸರಿಪಡಿಸಿ’ ಎಂಬ ಪ್ರಶ್ನೆಯೂ ಇದೇ ವಂಶದ್ದು. ಆಸ್ಕಮ್‌ನ ಹುಡುಗ ಸಿಸಿರೋನ ಎದುರು ಕೂತಿದ್ದ. ಮರ್ರೆಯ ವಿದ್ಯಾರ್ಥಿನಿ ಕೆಟ್ಟ ವಾಕ್ಯದ ಎದುರು ಕೂತಳು. ನನ್ನ ಮಟ್ಟಿಗೆ ಇಡೀ ಕಥೆಯ ದೊಡ್ಡ ನಷ್ಟ ಇದೇ.

ಉಳಿದದ್ದನ್ನು ಪರೀಕ್ಷೆ ಮಾಡಿ ಮುಗಿಸಿತು. ಹಾರ್ವರ್ಡ್‌ನ ರೆಟರಿಕ್ ಪೀಠದಲ್ಲಿ 1806ರಲ್ಲಿ ಮೊದಲು ಕೂತವರು, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸ್. ಆಗ ಅದು ಸಾರ್ವಜನಿಕ ಭಾಷಣದ ವಿದ್ಯೆ. 1874ರ ಪ್ರವೇಶ ಪರೀಕ್ಷೆಗೆ ಅದೇ ಹಾರ್ವರ್ಡ್ ಇಂಗ್ಲಿಷಿನ ಕಿರುಪ್ರಬಂಧವನ್ನು ಕಡ್ಡಾಯ ಮಾಡಿತು. ವಿಷಯ ‘ಐವನ್‌ಹೋ’, ‘ಜೂಲಿಯಸ್ ಸೀಸರ್’ ಮುಂತಾದ ಗೊತ್ತುಪಡಿಸಿದ ಕೃತಿಗಳಿಂದ, ಅಳೆಯುವುದು ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿಯನ್ನು. ಹೈಸ್ಕೂಲುಗಳು ಆ ಪಟ್ಟಿಗೆ ತಕ್ಕಂತೆ ಕುಣಿದವು. ಇದನ್ನು ಪ್ರತಿಭಟಿಸಿಯೇ 1911ರಲ್ಲಿ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿ ಹುಟ್ಟಿತು. 1926ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಬಂದ ಮೇಲೆ ಪದಸಂಪತ್ತೂ ಒಂಟಿ ಒಂಟಿ ಪದಗಳ ಗಿಳಿಪಾಠವಾಯಿತು. ಆ ಪರೀಕ್ಷೆ 1994ರಲ್ಲಿ ವಿರುದ್ಧಾರ್ಥಕಗಳನ್ನೂ 2005ರಲ್ಲಿ ಪದಸಾಮ್ಯಗಳನ್ನೂ ಕೈಬಿಟ್ಟಿತು. ಶಾಲೆಯ ಪಟ್ಟಿಗಳು ಮಾತ್ರ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಹಳೆಯ ಶಾಲೆಯನ್ನು ಹೀಗೆ ಹೊಗಳುವುದು ಸರಿಯೇ ಎಂದು ಕೇಳಬಹುದು. ಅಲ್ಲಿ ಇದ್ದವರು ಹುಡುಗರು ಮಾತ್ರ, ಮಾಧ್ಯಮ ಲ್ಯಾಟಿನ್, ಬೆತ್ತದ ಏಟು ನಿತ್ಯದ್ದು. ಮರ್ರೆ ಹೆಣ್ಣುಮಕ್ಕಳಿಗಾಗಿ ಬರೆದ, ಪಟ್ಟಿ ಮತ್ತು ಪರೀಕ್ಷೆಗಳು ಬಡ ಮನೆಯ ಮಕ್ಕಳಿಗೂ ಬಾಗಿಲು ತೆರೆದವು ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಶಾಲೆಗೆ ಬರುವವರು ಹೆಚ್ಚಿದ್ದರಿಂದ ಕಸುಬು ಬಿಡಬೇಕಾಯಿತು ಎಂದರೆ ಅದು ಹೊಸಬರಿಗೆ ಮಾಡಿದ ಅನ್ಯಾಯ: ಬಾಗಿಲು ತೆರೆದು, ಒಳಗಿನ ಒಡವೆಯ ಬದಲು ಅದರ ಹೆಸರಿನ ಚೀಟಿ ಕೊಟ್ಟಂತೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹೆಸರಿಲ್ಲದೆ ಚರ್ಚೆ ಹೇಗೆ? ರೂಪಕಕ್ಕೂ ಉಪಮೆಗೂ ಇರುವ ಭೇದ ತಿಳಿಯದವನು ಕವಿತೆಯನ್ನು ಹೇಗೆ ವಿವರಿಸಿಯಾನು? ನಿಜ, ಎರಾಸ್ಮಸನ ಕಾಲದ ಮಕ್ಕಳೂ ಹೆಸರು ಕಲಿತರು. ಅದೇ ಶತಮಾನದಲ್ಲಿ ಮುಂದೆ ಶಾಲೆಗಳಲ್ಲಿ ಬಳಕೆಗೆ ಬಂದ ಸುಸೆನ್‌ಬ್ರೋಟಸ್‌ನ ಕೈಪಿಡಿಯಲ್ಲಿ 132 ಅಲಂಕಾರಗಳಿದ್ದವು, ಇಂದಿನ ಸಾಮಾನ್ಯ ಶಾಲಾ ಪಟ್ಟಿಗಿಂತ ಹೆಚ್ಚು. ಅವರು ಓದಿನಲ್ಲಿ ಕಂಡ ಅಲಂಕಾರವನ್ನು ತಮ್ಮ ಬರವಣಿಗೆಯಲ್ಲಿ ಹಾಕಬೇಕಿತ್ತು ಎಂಬುದಷ್ಟೇ ವ್ಯತ್ಯಾಸ. ಬಡಗಿಯ ಮಗನಿಗೂ ಉಳಿಯ ಹೆಸರು ಬೇಕು; ಅದು ಕೈಗೆ ಉಳಿ ಬಂದಾಗ ತಾನಾಗಿ ಬರುತ್ತದೆ.

ಇದಕ್ಕೆ ಸಂಶೋಧನೆಯ ಸಾಕ್ಷಿಯೂ ಇದೆ. 1963ರಲ್ಲಿ ಅಮೆರಿಕದ ಸಂಶೋಧಕ ಬ್ರಾಡಕ್ ಮತ್ತು ಇಬ್ಬರು ಸಹೋದ್ಯೋಗಿಗಳ ವರದಿ, ಬಿಡಿಯಾಗಿ ಕಲಿಸಿದ ವ್ಯಾಕರಣದಿಂದ ಬರವಣಿಗೆ ಸುಧಾರಿಸುವುದಿಲ್ಲ, ಬರೆಯುವ ಸಮಯವನ್ನು ಕಸಿಯುವುದರಿಂದ ಕೆಡಬಹುದು ಕೂಡ ಎಂದಿತು. ಹಲವರು ಇದನ್ನು ಹಿಡಿದು ವ್ಯಾಕರಣವನ್ನೇ ಹೊರಗಿಟ್ಟರು. ಅದು ಅವಸರದ ತೀರ್ಮಾನವಾಗಿತ್ತು. 1969ರಲ್ಲಿ ಜಾನ್ ಮೆಲನ್ ಚಿಕ್ಕ ಚಿಕ್ಕ ವಾಕ್ಯಗಳನ್ನು ಕೂಡಿಸಿ ಒಂದು ದೊಡ್ಡ ವಾಕ್ಯ ಕಟ್ಟುವ ಅಭ್ಯಾಸವನ್ನು ಏಳನೆಯ ತರಗತಿಯ ಮಕ್ಕಳಿಗೆ ಕೊಟ್ಟು ನೋಡಿದರು. ಅವರ ವಾಕ್ಯರಚನೆ ಬೆಳೆಯಿತು. 1973ರಲ್ಲಿ ಫ್ರ್ಯಾಂಕ್ ಓಹೇರ್ ಅದೇ ಅಭ್ಯಾಸವನ್ನು ವ್ಯಾಕರಣದ ಪಾರಿಭಾಷಿಕ ಪದಗಳ ಹಂಗಿಲ್ಲದೆ ಮಾಡಿಸಿದರು, ಆಗಲೂ ಬೆಳೆಯಿತು. ಏಳನೆಯ ತರಗತಿಯ ಆ ಮಕ್ಕಳು, ತಮಗೆ ಗೊತ್ತಿಲ್ಲದೆಯೇ, ಸೇಂಟ್ ಪಾಲ್ಸ್ ಶಾಲೆಯ ಹುಡುಗರು ಮಾಡುತ್ತಿದ್ದ ಕೆಲಸದ ಪಕ್ಕಕ್ಕೆ ಮರಳಿ ಬಂದಿದ್ದರು.